ಕೆಟ್ಟ ಬಲ್ಬು ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ

ಹೋದ ಬೇಸಿಗೆಯ ಮಾತು. ಮಳೆ ಬೀಳುವ ಮೊದಲು ತಿಪ್ಪೆ ಬಗೆದು ಹೊಲಕ್ಕೆ ಗೊಬ್ಬರ ಹೇರುತ್ತಿದ್ದೆವು. ಬುಟ್ಟಿ ತುಂಬುತ್ತಿದ್ದ ಅವ್ವ ಒಮ್ಮೆಲೇ ಕೈ ಹಿಂದಕ್ಕೆ ಎಳೆದುಕೊಂಡಳು. ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು. ಗೊಬ್ಬರದೊಳಗೆ ಬಾಗಿದ ಬಿಳಿ ಗಾಜಿನ ಚೂರು, ಪಕ್ಕದಲ್ಲೇ ಬಲ್ಬಿನ ಪ್ಲಾಸ್ಟಿಕ್ ಬುಡ.

“ಇದು ನಮ್ಮ ಪಡಸಾಲಿ ಬಲ್ಬ ಅಲ್ಲೇನೋ?” ಅಂದಳು.

ಹೌದು, ನಮ್ಮದೇ. ಕೆಟ್ಟಾಗ ಬಿಚ್ಚಿ ತಿಪ್ಪೆಗೆ ಒಗೆದವನು ನಾನೇ. ಅವತ್ತು ಒಂದು ಟ್ರೇಲರ್ ಗೊಬ್ಬರದಲ್ಲಿ ಹುಡುಕಿದಾಗ ಏಳು ಸಿಎಫ್‌ಎಲ್ ಬಲ್ಬುಗಳ ಬುಡ ಸಿಕ್ಕವು. ಗಾಜು ಸಿಕ್ಕಿದ್ದು ಎರಡರದ್ದು ಮಾತ್ರ. ಉಳಿದ ಐದರ ಗಾಜು, ಅದರೊಳಗಿನ ಬಿಳಿ ಪುಡಿ, ಪುಡಿಯ ಜೊತೆಗಿದ್ದ ಪಾದರಸ ಎಲ್ಲವೂ ಗೊಬ್ಬರದಲ್ಲಿ ಬೆರೆತು ಹೋಗಿತ್ತು. ಆ ಗೊಬ್ಬರ ಈಗ ನಮ್ಮ ಜೋಳದ ಹೊಲದಲ್ಲಿದೆ.

ಇದು ನಮ್ಮ ಮನೆಯ ಕಥೆ. ನಿಮ್ಮ ಮನೆಯದು ಬೇರೆ ಇರಲಿಕ್ಕಿಲ್ಲ. ಎದ್ದು ಹೋಗಿ ತಿಪ್ಪೆ ನೋಡಿ ಬನ್ನಿ.

ಒಳಗೆ ಏನಿದೆ?

ಹಳೆಯ ಬುರುಡೆ ಬಲ್ಬಿನಲ್ಲಿ ತಂತಿ ಕಾದು ಕೆಂಪಾಗಿ ಬೆಳಕು ಕೊಡುತ್ತಿತ್ತು. ಸಿಎಫ್‌ಎಲ್ ಹಾಗಲ್ಲ. ಅದು ಸುರುಳಿ ಸುತ್ತಿದ ಅಥವಾ ಬಾಗಿಸಿದ ಸಣ್ಣ ಟ್ಯೂಬ್‌ಲೈಟ್. ಕೊಳವೆಯೊಳಗೆ ತುಸು ಪಾದರಸ ಇರುತ್ತದೆ. ಕರೆಂಟು ಹರಿದಾಗ ಆ ಪಾದರಸದ ಆವಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊಮ್ಮಿಸುತ್ತದೆ. ಕಿರಣ ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿಗೆ ಬಡಿದು ನಮಗೆ ಕಾಣುವ ಬೆಳಕಾಗುತ್ತದೆ. ಪಾದರಸ ಇಲ್ಲದೆ ಸಿಎಫ್‌ಎಲ್ ಇಲ್ಲ, ಟ್ಯೂಬ್‌ಲೈಟೂ ಇಲ್ಲ.

ಒಂದು ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಮೂರರಿಂದ ಐದು ಮಿಲಿಗ್ರಾಂ ಪಾದರಸ. ಸೂಜಿಯ ತುದಿಯಷ್ಟು. ಬಲ್ಬು ಉರಿಯುವಾಗ ಅದರಿಂದ ತೊಂದರೆ ಇಲ್ಲ, ಗಾಜು ಅದನ್ನು ಹಿಡಿದಿಟ್ಟಿರುತ್ತದೆ. ತೊಂದರೆ ಶುರುವಾಗುವುದು ಗಾಜು ಒಡೆದಾಗ. ಆಗ ಸ್ವಲ್ಪ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತದೆ, ಉಳಿದದ್ದು ಪುಡಿಗೆ ಅಂಟಿಕೊಂಡು ಮಣ್ಣಿಗೆ ಸೇರುತ್ತದೆ. ಕಸಕ್ಕೆ ಬೆಂಕಿ ಹಚ್ಚಿದರೆ ಅದು ಸುಟ್ಟು ಬೂದಿಯಾಗುವುದಿಲ್ಲ, ಆವಿಯಾಗಿ ಗಾಳಿಗೆ ಏರುತ್ತದೆ. ಮಳೆ ನೀರಿನಲ್ಲಿ ಹರಿದು ಕೆರೆಯ ಕೆಸರು ಸೇರಿದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸುತ್ತವೆ. ಅದು ಮೀನಿನ ಮೈ ಸೇರಿ, ಮೀನು ತಿಂದವರ ಮೈ ಸೇರುತ್ತದೆ.

ಪಾದರಸ ಏನು ಮಾಡಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಜಪಾನಿನ ಮಿನಮಾಟಾ ಎಂಬ ಮೀನುಗಾರರ ಊರು. ಅಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಟ್ಟಿತು. ಮೊದಲು ಬೆಕ್ಕುಗಳು ಹುಚ್ಚೆದ್ದು ಸತ್ತವು. ಆಮೇಲೆ ಮನುಷ್ಯರ ಕೈಕಾಲು ಸೆಟೆದವು, ಮಾತು ತೊದಲಿತು, ಗರ್ಭದಲ್ಲಿದ್ದ ಕೂಸುಗಳಿಗೂ ಬಡಿಯಿತು. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ನಮ್ಮ ತಿಪ್ಪೆ ಮಿನಮಾಟಾ ಅಲ್ಲ, ಆ ಪ್ರಮಾಣ ಬೇರೆ. ಆದರೆ ವಸ್ತು ಅದೇ.

ಬೆಳಕಿನ ಲೆಕ್ಕ ಹೇಳಿದರು, ಕಸದ ಲೆಕ್ಕ ಹೇಳಲಿಲ್ಲ

ಸಿಎಫ್‌ಎಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ನೋಡಿ. 60 ವ್ಯಾಟಿನ ಬುರುಡೆ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 15 ವ್ಯಾಟಿನ ಸಿಎಫ್‌ಎಲ್‌ಗೆ ಎರಡೂಕಾಲು ಯೂನಿಟ್. ಒಂದೇ ಬಲ್ಬಿನಿಂದ ತಿಂಗಳಿಗೆ ಆರೂಮುಕ್ಕಾಲು ಯೂನಿಟ್ ಉಳಿತಾಯ. ಬುರುಡೆ ಬಲ್ಬು ಸುಮಾರು ಸಾವಿರ ತಾಸು ಬಾಳಿದರೆ, ಒಳ್ಳೆಯ ಸಿಎಫ್‌ಎಲ್ ಆರು ಸಾವಿರ ತಾಸು ಬಾಳುತ್ತದೆ. ಮನೆಗೂ ಲಾಭ, ಅಂಗಡಿಗೂ ಲಾಭ, ಹಿಟ್ಟಿನ ಗಿರಣಿಗೂ ಲಾಭ.

ಇದನ್ನು ನಮಗೆ ಚೆನ್ನಾಗಿಯೇ ಹೇಳಿದರು. ಶಾಲೆಯ ಗೋಡೆಯ ಮೇಲೆ ಬರೆಸಿದರು, ರೇಡಿಯೋದಲ್ಲಿ ಹಾಡಿಸಿದರು. 2009ರಲ್ಲಿ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆ ತಂದಿತು. ನೂರು ರೂಪಾಯಿ ಆಸುಪಾಸಿನ ಸಿಎಫ್‌ಎಲ್ ಬಲ್ಬನ್ನು ಬುರುಡೆ ಬಲ್ಬಿನ ಬೆಲೆಗೆ, ಅಂದರೆ 15 ರೂಪಾಯಿಗೆ ಮನೆಮನೆಗೆ ಕೊಡುವುದು. ಉಳಿದ ಹಣವನ್ನು, ಕರೆಂಟು ಉಳಿದು ಹೊಗೆ ಕಡಿಮೆಯಾದ ಲೆಕ್ಕವನ್ನು ಅಂತರರಾಷ್ಟ್ರೀಯ ಕಾರ್ಬನ್ ಮಾರುಕಟ್ಟೆಯಲ್ಲಿ ಮಾರಿ ದುಡಿದುಕೊಳ್ಳುವುದು. ಅಂದರೆ ಬಡವನ ಗುಡಿಸಲಿನಲ್ಲಿ ಉಳಿದ ಯೂನಿಟ್ಟಿಗೂ ಪರದೇಶದಲ್ಲಿ ಬೆಲೆ ಕಟ್ಟುವ ಬುದ್ಧಿವಂತರು ನಮ್ಮಲ್ಲಿದ್ದರು.

ಇಷ್ಟು ದೂರದ ಲೆಕ್ಕ ಹಾಕಿದವರಿಗೆ ಹತ್ತಿರದ ಒಂದು ಲೆಕ್ಕ ಕಾಣಲಿಲ್ಲ. ಆರು ಸಾವಿರ ತಾಸು ಮುಗಿದ ಮೇಲೆ ಬಲ್ಬು ಎಲ್ಲಿಗೆ ಹೋಗಬೇಕು? ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕೂಡಿಸಿ ಓದುವಷ್ಟು ಮಾತ್ರ ಕನ್ನಡ ಬಲ್ಲ ಅವ್ವನಿಗೆ ಅದು ಹೇಗೆ ತಿಳಿಯಬೇಕು? ವೋಲ್ಟೇಜು ಏರಿಳಿಯುವ, ತಾಸಿಗೆ ನಾಲ್ಕು ಸಲ ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಬಲ್ಬು ಆರು ಸಾವಿರ ತಾಸು ಬಾಳಲೂ ಇಲ್ಲ. ಪದೇ ಪದೇ ಆಫ್-ಆನ್ ಆದರೆ ಸಿಎಫ್‌ಎಲ್‌ನ ಆಯುಷ್ಯ ಕಡಿಮೆಯಾಗುತ್ತದೆ. ಹಾಗಾಗಿ ಪೇಟೆಗಿಂತ ಬೇಗ ನಮ್ಮಲ್ಲಿ ಕೆಟ್ಟವು, ಬೇಗ ತಿಪ್ಪೆ ಸೇರಿದವು.

ಕೇಳಿಕೊಂಡು ಹೋದೆ

ಅವ್ವನ ಬೆರಳಿಗೆ ಬಟ್ಟೆ ಕಟ್ಟಿದ ಮರುದಿನ ಉಳಿದ ಬುಡಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೊದಲು ಬಲ್ಬು ಮಾರಿದ ಅಂಗಡಿ. “ಅಣ್ಣಾ, ಇವನ್ನ ವಾಪಸ್ ತಗೋತೀರೇನು?” ಅಂದೆ. ಗ್ಯಾರಂಟಿ ಕಾರ್ಡು ಕೇಳಿದರು. ಬದಲಿ ಬಲ್ಬು ಬೇಡ, ಕಸ ತೆಗೆದುಕೊಳ್ಳಿ ಸಾಕು ಅಂದೆ. “ತಗೊಂಡು ಉಪ್ಪಿನಕಾಯಿ ಹಾಕ್ಲೇನಪಾ?” ಅಂತ ನಕ್ಕರು. ಅವರನ್ನು ಬೈಯುವುದಿಲ್ಲ. ಕಂಪನಿಯ ಸೇಲ್ಸ್‌ಮನ್ ಪ್ರತಿ ತಿಂಗಳು ಬಂದು ಹೊಸ ಮಾಲು ಇಳಿಸಿ ಹೋಗುತ್ತಾನಂತೆ, ಹಳೆಯದನ್ನು ಒಮ್ಮೆಯೂ ಕೇಳಿಲ್ಲವಂತೆ.

ಆಮೇಲೆ ಪಂಚಾಯಿತಿ. “ಒಣ ಕಸದಾಗ ಹಾಕ್ರಿ, ಗಾಡಿ ಬರ್ತೈತಿ” ಅಂದರು. ಗಾಡಿ ಬಂತು. ಸ್ವಚ್ಛ ವಾಹಿನಿ ಓಡಿಸುವ ಅಕ್ಕ ಕೈಚೀಲ ನೋಡಿ, “ಗಾಜು ಒಡೆದಿದ್ರ ಬ್ಯಾಡ ತಮ್ಮಾ, ಅಲ್ಲಿ ನಾವೇ ಕೈಲೆ ಆರಿಸೋದು” ಅಂದಳು. ಅವಳ ಕೈಗವಸು ಹರಿದು ಎಷ್ಟು ದಿನವಾಗಿತ್ತೋ. ಇಡೀ ದಿನ ನಾನು ಕೇಳಿದ ಮಾತುಗಳಲ್ಲಿ ಸತ್ಯವಾದದ್ದು ಅದೊಂದೇ.

ಕೊನೆಗೆ ಗುಜರಿ ಅಂಗಡಿ. ಅವರು ತೆಗೆದುಕೊಳ್ಳುತ್ತಾರೆ. ಬುಡದ ಲೋಹದ ಟೋಪಿಗೆ, ಒಳಗಿನ ಸರ್ಕ್ಯೂಟಿನ ತಾಮ್ರಕ್ಕೆ ಬೆಲೆ ಇದೆ. ಗಾಜಿಗೆ ಬೆಲೆ ಇಲ್ಲ. ಅದನ್ನು ಅಂಗಡಿಯ ಹಿಂದೆ ತಗಡಿನ ಶೆಡ್ಡಿನೊಳಗೆ ಒಬ್ಬ ಹುಡುಗ ಕಲ್ಲಿನಿಂದ ಕುಟ್ಟಿ ಬೇರೆ ಮಾಡುತ್ತಿದ್ದ. ಹದಿನಾಲ್ಕೋ ಹದಿನೈದೋ ವಯಸ್ಸು. ಮೂಲೆಯಲ್ಲಿ ಟ್ಯೂಬ್‌ಲೈಟುಗಳ ರಾಶಿ. ಮನೆಯಲ್ಲಿ ಒಂದು ಬಲ್ಬು ಒಡೆದರೆ ಕಿಟಕಿ ತೆರೆದರೆ ಸಾಕು. ಮುಚ್ಚಿದ ಶೆಡ್ಡಿನಲ್ಲಿ ದಿನಾ ಹತ್ತಾರು ಒಡೆಯುವವನು ಅದೇ ಗಾಳಿಯನ್ನು ದಿನಾ ಉಸಿರಾಡುತ್ತಾನೆ. ಈ ಇಡೀ ವ್ಯವಹಾರದ ನಿಜವಾದ ಬೆಲೆ ತೆರುತ್ತಿರುವವನು ಅವನು.

ತಮಿಳುನಾಡಿನ ಕೊಡೈಕೆನಾಲಿನಲ್ಲಿ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಹಗರಣ 2001ರಲ್ಲಿ ಹೊರಬಿದ್ದದ್ದೂ ಒಂದು ಗುಜರಿ ಅಂಗಡಿಯಿಂದಲೇ. ಪಾದರಸ ಅಂಟಿದ ಒಡೆದ ಗಾಜಿನ ರಾಶಿಯನ್ನು ಅಲ್ಲಿನ ಜನ ಕಂಡು ಗಲಾಟೆ ಮಾಡಿದರು, ಕಾರ್ಖಾನೆ ಮುಚ್ಚಿತು. ಆದರೂ ಮಾಜಿ ಕಾರ್ಮಿಕರ ಜೊತೆ ಕಂಪನಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ, ಹದಿನೈದು ವರ್ಷದ ಹೋರಾಟದ ನಂತರ. ಅಲ್ಲಿ ಒಂದು ಕಾರ್ಖಾನೆ ಇತ್ತು, ಬೆರಳು ತೋರಿಸಲು ಒಂದು ಗೇಟು ಇತ್ತು. ನಮ್ಮ ತಿಪ್ಪೆಯ ಪಾದರಸಕ್ಕೆ ಯಾವ ಗೇಟಿನ ಮುಂದೆ ಕೂರೋಣ?

ಪೇಟೆಗೊಂದು ನಿಯಮ, ಹಳ್ಳಿಗೆ?

ಕಾನೂನು ಇಲ್ಲ ಅಂತಲ್ಲ. 2016ರ ಇ-ತ್ಯಾಜ್ಯ ನಿಯಮದಲ್ಲಿ ಸಿಎಫ್‌ಎಲ್ ಮತ್ತು ಪಾದರಸ ಇರುವ ಇತರ ದೀಪಗಳನ್ನು ಹೆಸರಿಟ್ಟು ಸೇರಿಸಿದ್ದಾರೆ. ಕೆಟ್ಟ ಬಲ್ಬನ್ನು ವಾಪಸ್ ಸಂಗ್ರಹಿಸಿ ಮರುಬಳಕೆಯ ಘಟಕಕ್ಕೆ ಸೇರಿಸುವ ಹೊಣೆ ಅದನ್ನು ತಯಾರಿಸಿ ಮಾರಿದವರದ್ದು ಎಂದು ಆ ನಿಯಮ ಹೇಳಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮದಲ್ಲೂ ಹೊಣೆ ತಯಾರಕರ ಮೇಲೇ ಇದೆ. ಆದರೆ ಈಗ ಕಂಪನಿ, ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡು ತನ್ನ ಗುರಿ ಮುಟ್ಟಿದೆ ಎಂದು ತೋರಿಸಬಹುದು. ಎಲ್ಲೋ ದೊಡ್ಡ ಪೇಟೆಯಲ್ಲಿ ಸಂಗ್ರಹವಾದ ಕಸಕ್ಕೆ ಪ್ರಮಾಣಪತ್ರ ಸಿಕ್ಕರೆ ಲೆಕ್ಕ ಚುಕ್ತಾ. ನಮ್ಮೂರ ತಿಪ್ಪೆ ಆ ಲೆಕ್ಕದ ಪುಸ್ತಕದಲ್ಲೇ ಇಲ್ಲ.

ಇನ್ನೊಂದು ನಿಯಮ ನೋಡಿ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮ ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟುಗಳನ್ನು ಮನೆಯ ಅಪಾಯಕಾರಿ ಕಸ ಎಂದು ಕರೆಯಿತು. ಹಳೆಯ ಸೂಜಿ, ಕೀಟನಾಶಕದ ಡಬ್ಬಿ, ಒಡೆದ ಥರ್ಮಾಮೀಟರುಗಳ ಸಾಲಿನಲ್ಲೇ ಅದನ್ನೂ ಇಟ್ಟಿತು. ಇಂಥ ಕಸ ತಂದು ಹಾಕಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಬೇಕು ಎಂದಿತು. ಚೆನ್ನಾಗಿದೆ. ಆದರೆ ಆ ನಿಯಮ ಬರೆದದ್ದು ನಗರಸಭೆ, ಪುರಸಭೆಗಳನ್ನು ಮುಂದಿಟ್ಟುಕೊಂಡು. ಸಾಮಾನ್ಯ ಹಳ್ಳಿ ಅದರೊಳಗೆ ಬರಲಿಲ್ಲ. ಬಲ್ಬು ಹಂಚುವಾಗ ಹಳ್ಳಿ ನೆನಪಾಯಿತು, ಕಸ ಎತ್ತುವಾಗ ಮರೆತು ಹೋಯಿತು.

ನಮ್ಮ ರಾಯಚೂರು ಜಿಲ್ಲೆಯವರಿಗೆ ಇದು ಹೊಸದಲ್ಲ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದಾರೆ. ಬೆಳಕು ಇಡೀ ರಾಜ್ಯಕ್ಕೆ, ಹಾರುಬೂದಿ ಸುತ್ತಲಿನ ಊರುಗಳಿಗೆ. ಬಲ್ಬಿನ ವಿಷಯದಲ್ಲೂ ಅದೇ ನಡೆದಿದೆ.

“ಇಷ್ಟಕ್ಕೆಲ್ಲ ಯಾಕೆ ಗಲಾಟೆ?” ಅನ್ನುವವರಿಗೆ

ಈ ಮಾತು ಹೇಳಿದಾಗಲೆಲ್ಲ ಮೂರು ಉತ್ತರ ಬರುತ್ತವೆ. ಮೂರಕ್ಕೂ ಜವಾಬು ಕೊಡುತ್ತೇನೆ.

ಒಂದು: “ನಾಲ್ಕು ಮಿಲಿಗ್ರಾಂ ಏನು ಮಹಾ?” ಒಂದು ಬಲ್ಬಿಗೆ ಮಹಾ ಅಲ್ಲ, ಒಪ್ಪಿದೆ. ಐನೂರು ಮನೆಯ ಊರು, ಮನೆಗೆ ವರ್ಷಕ್ಕೆ ಎರಡು ಬಲ್ಬು ಕೆಡುತ್ತವೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಗ್ರಾಂ, ಹತ್ತು ವರ್ಷಕ್ಕೆ ನಲವತ್ತು ಗ್ರಾಂ. ಎಲೆ, ಸಗಣಿ, ಬಟ್ಟೆ ಕೊಳೆಯುತ್ತವೆ, ಪಾದರಸ ಕೊಳೆಯುವುದಿಲ್ಲ. ಆವಿಯಾದರೂ ಎಲ್ಲೋ ಇಳಿಯುತ್ತದೆ. ಅಷ್ಟು ಸಣ್ಣ ವಿಷಯವೇ ಆಗಿದ್ದರೆ ಜಗತ್ತಿನ ದೇಶಗಳೆಲ್ಲ ಕೂತು ಮಿನಮಾಟಾ ಹೆಸರಿನಲ್ಲೇ ಒಪ್ಪಂದ ಮಾಡಿಕೊಳ್ಳುತ್ತಿರಲಿಲ್ಲ, ಭಾರತ 2018ರಲ್ಲಿ ಅದನ್ನು ಅನುಮೋದಿಸುತ್ತಲೂ ಇರಲಿಲ್ಲ.

ಎರಡು: “ಕಲ್ಲಿದ್ದಲು ಸುಟ್ಟರೂ ಪಾದರಸ ಬರುತ್ತದೆ. ಸಿಎಫ್‌ಎಲ್ ಕರೆಂಟು ಉಳಿಸಿ ಆ ಪಾದರಸ ಕಡಿಮೆ ಮಾಡುತ್ತದೆ.” ಈ ಮಾತು ನಿಜ. ಕಲ್ಲಿದ್ದಲಿನಲ್ಲಿ ಪಾದರಸ ಇರುತ್ತದೆ, ಬುರುಡೆ ಬಲ್ಬು ಹೆಚ್ಚು ಕಲ್ಲಿದ್ದಲು ತಿನ್ನುತ್ತದೆ. ಅದಕ್ಕೇ ನಾನು ಹಳೆಯ ಬುರುಡೆ ಬಲ್ಬಿಗೆ ಹಿಂತಿರುಗಿ ಅನ್ನುತ್ತಿಲ್ಲ. ಗೃಹಜ್ಯೋತಿಯಲ್ಲಿ ಬಿಲ್ಲು ಬರುವುದಿಲ್ಲ ಅಂತ ಹತ್ತು ರೂಪಾಯಿಯ ಬುರುಡೆ ತಂದು ಹಾಕುವವರಿಗೂ ಹೇಳುತ್ತೇನೆ, ಬೇಡ. ಆದರೆ ಚಿಮಣಿಯಲ್ಲಿ ಉಳಿದ ಪಾದರಸದ ಪುಣ್ಯ ತೋರಿಸಿ ನನ್ನ ಗೊಬ್ಬರಕ್ಕೆ ಬಿದ್ದ ಪಾದರಸವನ್ನು ಮನ್ನಾ ಮಾಡಿಸಿಕೊಳ್ಳಲು ಬರುವುದಿಲ್ಲ. ಎರಡನ್ನೂ ತಪ್ಪಿಸಬಹುದಿತ್ತು. ಕೆಟ್ಟ ಬಲ್ಬು ವಾಪಸ್ ಪಡೆದಿದ್ದರೆ ಸಾಕಿತ್ತು.

ಮೂರು: “ಈಗ ಎಲ್ಲ ಎಲ್‌ಇಡಿ ಬಂದಿದೆಯಲ್ಲ, ಸಿಎಫ್‌ಎಲ್ ಕಾಲ ಮುಗಿಯಿತು.” ಎಲ್‌ಇಡಿಯಲ್ಲಿ ಪಾದರಸ ಇಲ್ಲ, ಒಳ್ಳೆಯದೇ. 2015ರಿಂದ ಉಜಾಲಾ, ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಹೆಸರಿನಲ್ಲಿ ಎಲ್‌ಇಡಿ ಹಂಚಿದರು. ಹೊಸದು ಹಂಚಿದ ಅದೇ ಕೌಂಟರಿನಲ್ಲಿ ಒಂದು ಡ್ರಮ್ಮು ಇಟ್ಟು ಹಳೆಯದನ್ನು ಇಲ್ಲಿ ಹಾಕಿ ಅಂದಿದ್ದರೆ ನಮ್ಮೂರ ಅರ್ಧ ಪಾದರಸ ಅಲ್ಲೇ ಸಿಗುತ್ತಿತ್ತು. ನಮ್ಮಲ್ಲಿ ಯಾರೂ ಇಡಲಿಲ್ಲ. ನಮ್ಮೂರ ಬೀದಿದೀಪಗಳಿಗೆ ಎಲ್‌ಇಡಿ ಹಾಕಿದಾಗ ಇಳಿಸಿದ ಹಳೆಯ ಟ್ಯೂಬುಗಳು ಪಂಚಾಯಿತಿ ಕಟ್ಟಡದ ಹಿಂದೆ ತಿಂಗಳುಗಟ್ಟಲೆ ಬಿದ್ದಿದ್ದವು. ಹುಡುಗರು ‘ಢಬ್’ ಅನ್ನುವ ಸದ್ದಿಗಾಗಿ ಒಂದೊಂದಾಗಿ ಒಡೆದು ಮುಗಿಸಿದರು.

ಸಿಎಫ್‌ಎಲ್ ಕಾಲ ಮುಗಿಯುತ್ತಿರುವುದು ನಿಜ. 30 ವ್ಯಾಟಿನವರೆಗಿನ, ಚೋಕ್ ಒಳಗೇ ಇರುವ ಸಾಮಾನ್ಯ ಸಿಎಫ್‌ಎಲ್‌ಗಳ ತಯಾರಿಕೆ, ಆಮದು, ರಫ್ತನ್ನು 2025ಕ್ಕೆ ಕೊನೆಗೊಳಿಸಲು ಮಿನಮಾಟಾ ಒಪ್ಪಂದದ ದೇಶಗಳು 2022ರಲ್ಲಿ ತೀರ್ಮಾನಿಸಿದವು. ಮರುವರ್ಷ ಉಳಿದ ಟ್ಯೂಬ್‌ಲೈಟುಗಳಿಗೂ 2027ರ ಗಡುವು ಹಾಕಿದವು. ನಾನು ಅವಸರ ಮಾಡುವುದು ಇದೇ ಕಾರಣಕ್ಕೆ. ತಯಾರಿಕೆ ನಿಂತರೂ ನಮ್ಮ ಮನೆಗಳಲ್ಲಿ ಉರಿಯುತ್ತಿರುವವು, ಅಟ್ಟದ ಮೇಲಿರುವವು ಇದ್ದೇ ಇರುತ್ತವೆ. ಅವು ಕೆಡುವ ಹೊತ್ತಿಗೆ ಮಾರಿದವರು ಆ ವ್ಯಾಪಾರ ಬಿಟ್ಟು ಬೇರೆ ವ್ಯಾಪಾರದಲ್ಲಿರುತ್ತಾರೆ. ಈಗ ಕೇಳದಿದ್ದರೆ ಆಮೇಲೆ ತಿಪ್ಪೆ ಸಾರಿಸುವ ಮಾತಷ್ಟೇ ಸಿಗುತ್ತದೆ.

ಆಗಬೇಕಾದ್ದು ಇಷ್ಟು

ಕೋಟಿಗಟ್ಟಲೆ ಖರ್ಚಿನ ಕೆಲಸ ಯಾವುದೂ ಇಲ್ಲ.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮುಚ್ಚಳ ಇರುವ ಒಂದು ಗಟ್ಟಿ ಡ್ರಮ್ಮು ಇರಬೇಕು. ಒಳಗೆ ಹೊಟ್ಟು ಅಥವಾ ಕಟ್ಟಿಗೆ ಪುಡಿ ಹಾಸಿರಬೇಕು, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಸಿಎಫ್‌ಎಲ್, ಟ್ಯೂಬ್‌ಲೈಟ್ ಮಾತ್ರ’ ಎಂದು ಬರೆದಿರಬೇಕು.

ಬಲ್ಬು ಮಾರುವ ಅಂಗಡಿ ಹಳೆಯದನ್ನು ತೆಗೆದುಕೊಳ್ಳಬೇಕು. ಹೊಸ ಮಾಲು ತರುವ ಕಂಪನಿಯ ಗಾಡಿ ಖಾಲಿ ವಾಪಸ್ ಹೋಗುತ್ತದಲ್ಲ, ಅದರಲ್ಲೇ ಹಳೆಯದು ಹೋಗಲಿ. ಸೋಡಾ ಮಾರುವವನು ಖಾಲಿ ಬಾಟಲಿ ಎಣಿಸಿ ಒಯ್ಯುತ್ತಿದ್ದ ಊರು ನಮ್ಮದು. ಇದೇನು ಕಷ್ಟದ ಕೆಲಸವೇ?

ಪಂಚಾಯಿತಿ, ಶಾಲೆ, ಹಾಸ್ಟೆಲ್, ಆಸ್ಪತ್ರೆ, ಬ್ಯಾಂಕು ತಮ್ಮ ಕೆಟ್ಟ ಟ್ಯೂಬುಗಳಿಗೆ ಮೊದಲು ಲೆಕ್ಕ ಕೊಡಲಿ. ಎಷ್ಟು ಇಳಿಸಿದಿರಿ, ಎಲ್ಲಿಗೆ ಕಳಿಸಿದಿರಿ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಾನು ಹಾಕಿದ್ದೇನೆ, ನೀವೂ ಹಾಕಿ.

ಡ್ರಮ್ಮು ತುಂಬಿದಾಗ ತಾಲ್ಲೂಕಿನಿಂದ ಗಾಡಿ ಬಂದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಘಟಕಕ್ಕೆ ಒಯ್ಯಬೇಕು. ಖರ್ಚು ಬಲ್ಬು ಮಾಡಿ ಮಾರಿದವರದ್ದು. ಇದು ನಾವು ಬೇಡುವ ಭಿಕ್ಷೆಯಲ್ಲ, ಹೊಣೆ ಅವರದ್ದೇ ಎಂದು ನಿಯಮವೇ ಹೇಳುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಠರಾವು ಬರೆಸಿ. ಬಾಯಿಮಾತಿಗೆ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿ.

ಅಲ್ಲಿಯವರೆಗೆ ಮನೆಯಲ್ಲಿ

ಉರಿಯುತ್ತಿರುವ ಸಿಎಫ್‌ಎಲ್ ಬಲ್ಬನ್ನು ಸುಮ್ಮನೆ ಕಿತ್ತು ಒಗೆಯಬೇಡಿ. 15 ವ್ಯಾಟಿನ ಸಿಎಫ್‌ಎಲ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಉಳಿಯುವುದು ಒಂದು ಯೂನಿಟ್ಟೂ ಅಲ್ಲ. ಕೆಡುವವರೆಗೆ ಬಳಸಿ, ಕೆಟ್ಟ ಮೇಲೆ ಎಲ್‌ಇಡಿ ಹಾಕಿ. ಬಿಚ್ಚುವಾಗ ಸ್ವಿಚ್ ಆಫ್ ಮಾಡಿ, ಆರಲು ಬಿಟ್ಟು, ಗಾಜು ಹಿಡಿಯದೆ ಬುಡ ಹಿಡಿದು ತಿರುಗಿಸಿ.

ಕೆಟ್ಟದ್ದನ್ನು ತಿಪ್ಪೆಗೆ ಹಾಕಬೇಡಿ, ಒಲೆಗೆ ಹಾಕಬೇಡಿ, ಬಾವಿ-ಹಳ್ಳಕ್ಕೆ ಒಗೆಯಬೇಡಿ, ಗುಜರಿಗೆ ಕೊಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಹಳೆಯ ಡಬ್ಬದಲ್ಲಿ ಕಾಗದ ಸುತ್ತಿ ಒಡೆಯದಂತೆ ಇಡಿ.

ಮನೆಯೊಳಗೆ ಒಡೆದರೆ ಹೆದರಬೇಡಿ. ಫ್ಯಾನ್ ಆಫ್ ಮಾಡಿ, ಕಿಟಕಿ-ಬಾಗಿಲು ತೆರೆದು, ಮಕ್ಕಳನ್ನು ಕರೆದುಕೊಂಡು ಹತ್ತು ನಿಮಿಷ ಹೊರಗಿರಿ. ಕಸಬರಿಗೆಯಿಂದ ಗುಡಿಸಬೇಡಿ, ಪುಡಿ ಎಲ್ಲ ಕಡೆ ಹಾರುತ್ತದೆ. ದಪ್ಪ ರಟ್ಟಿನ ಎರಡು ತುಂಡುಗಳಿಂದ ಚೂರು ಬಾಚಿ, ಉಳಿದ ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳದ ಬಾಟಲಿಗೆ ಹಾಕಿ ಮನೆಯ ಹೊರಗಿಡಿ. ಸೋಪಿನಿಂದ ಕೈ ತೊಳೆಯಿರಿ.

ಅವ್ವನ ಬೆರಳು ಮಾಯಿತು. ಈಗ ಅವಳು ಓಣಿಯ ನಾಲ್ಕು ಮನೆಯವರಿಗೆ ಹೇಳಿ ಕೆಟ್ಟ ಬಲ್ಬುಗಳನ್ನೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಸುತ್ತಿದ್ದಾಳೆ. ಮೊನ್ನೆ ಎಣಿಸಿದೆ, ಹದಿಮೂರು ಇವೆ. “ತುಂಬಿದ ಮ್ಯಾಲೆ ಯಾರಿಗೆ ಕೊಡೋದೋ?” ಅಂತ ಕೇಳುತ್ತಾಳೆ.

ಪಂಚಾಯಿತಿಯವರೇ, ಬಲ್ಬು ಮಾರಿದವರೇ, ಹಂಚಿದವರೇ, ಅವ್ವನಿಗೆ ನಾನೇನು ಹೇಳಲಿ?